ಪಾದದ ಉರಿ, ಕಳಚಿದ ಚಪ್ಪಲಿ: ನರ ಕೆಟ್ಟಿರುವುದು ಎಲ್ಲಿ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಸಸ್ಯಾಹಾರಿ. ಆರೇಳು ತಿಂಗಳಿಂದ ಎರಡೂ ಪಾದ ಜುಮುಜುಮು ಅನ್ನುತ್ತವೆ, ರಾತ್ರಿ ಉರಿಯುತ್ತವೆ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವರಿಗೆ ಗೊತ್ತಾಗುವುದಿಲ್ಲ. ಔಷಧಿ ಅಂಗಡಿಯವರು ‘ನರ ದೌರ್ಬಲ್ಯ’ ಎಂದು ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟಿದ್ದಾರೆ, ಎರಡು ತಿಂಗಳಾಯಿತು. ಹೋದ ವರ್ಷ ದೊಡ್ಡಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ತಂದೆಗೂ ಹಾಗೇ ಆಗಬಹುದೇ ಎಂದು ಮನೆಯವರೆಲ್ಲ ಹೆದರಿದ್ದೇವೆ. ಎರಡೂ ನರದ ಕಾಯಿಲೆಯೇ ಅಲ್ಲವೇ? ನರಮಂಡಲ ಹೇಗಿರುತ್ತದೆ, ಎಲ್ಲಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೀರಾ?

ಉತ್ತರ: ಎರಡೂ ನರಮಂಡಲದ ಕಾಯಿಲೆಗಳೇ ಹೌದು, ಆದರೆ ಕೆಟ್ಟಿರುವ ಜಾಗ ಬೇರೆ ಬೇರೆ. ನಿಮ್ಮ ದೊಡ್ಡಪ್ಪನವರಿಗೆ ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ರಕ್ತನಾಳ ಕಟ್ಟಿಕೊಂಡೋ ಒಡೆದೋ ಕೆಲವೇ ನಿಮಿಷಗಳಲ್ಲಿ ಆದದ್ದು ಅದು. ತಂದೆಯವರ ತೊಂದರೆ, ನೀವು ಬರೆದ ಲಕ್ಷಣಗಳನ್ನು ನೋಡಿದರೆ, ಬಹುಮಟ್ಟಿಗೆ ಪಾದದಲ್ಲಿ ಕೊನೆಯಾಗುವ ನರತಂತುಗಳ ತುದಿಯಲ್ಲಿದೆ. ಅದು ವರ್ಷಗಳಿಂದ ನಿಧಾನವಾಗಿ ಬೆಳೆದದ್ದು. ಒಂದು ಮುಂದುವರಿದು ಇನ್ನೊಂದಾಗುವುದಿಲ್ಲ. ಆದರೆ ಹಿಡಿತವಿಲ್ಲದ ಸಕ್ಕರೆ ಎರಡಕ್ಕೂ ದಾರಿ ಮಾಡಿಕೊಡುತ್ತದೆ, ಆದ್ದರಿಂದ ನಿಮ್ಮ ಆತಂಕ ಪೂರ್ತಿ ಆಧಾರವಿಲ್ಲದ್ದೂ ಅಲ್ಲ.

‘ನರ ದೌರ್ಬಲ್ಯ’ ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ. ನರದ ತೊಂದರೆಯಲ್ಲಿ ಮೊದಲು ಕೇಳಬೇಕಾದದ್ದು ‘ಎಲ್ಲಿ?’ ಎಂದು. ಮೆದುಳಿನಲ್ಲೋ, ಬೆನ್ನುಹುರಿಯಲ್ಲೋ, ಬೆನ್ನಿನಿಂದ ಹೊರಬರುವ ಬೇರಿನಲ್ಲೋ, ಕೈಕಾಲಿನ ನರದಲ್ಲೋ, ನರ ಮತ್ತು ಸ್ನಾಯು ಸೇರುವ ಜಾಗದಲ್ಲೋ? ಇದು ಗೊತ್ತಾದರೆ ಕಾರಣ ಅರ್ಧ ಸಿಕ್ಕಂತೆ. ಗೊತ್ತಾಗದೆ ಕೊಟ್ಟ ಮಾತ್ರೆ ಕೆಲವೊಮ್ಮೆ ರೋಗವನ್ನೇ ಮರೆಮಾಡುತ್ತದೆ. ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಒಟ್ಟು ರಚನೆ. ತಲೆಬುರುಡೆಯೊಳಗೆ ಸುಮಾರು 1.3ರಿಂದ 1.4 ಕಿಲೋ ತೂಗುವ ಮೆದುಳು. ಅದರ ಬುಡದಿಂದ ಇಳಿದು ಬೆನ್ನುಮೂಳೆಗಳ ಕೊಳವೆಯೊಳಗೆ ಸಾಗುವ ಬೆನ್ನುಹುರಿ, ಉದ್ದ ಸುಮಾರು 45 ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು. ಇವೆರಡೂ ಸೇರಿ ಕೇಂದ್ರ ನರಮಂಡಲ. ಮೆದುಳಿನಿಂದ ನೇರವಾಗಿ 12 ಜೊತೆ ನರಗಳು ಹೊರಡುತ್ತವೆ. ಕಣ್ಣು, ಕಿವಿ, ಮುಖ, ನಾಲಿಗೆ, ನುಂಗುವ ಗಂಟಲು ಎಲ್ಲ ಇವುಗಳ ಪಾಲು. ಬೆನ್ನುಹುರಿಯಿಂದ 31 ಜೊತೆ: ಕುತ್ತಿಗೆಯಲ್ಲಿ 8, ಎದೆಯ ಮಟ್ಟದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕಾಸ್ಥಿಯಲ್ಲಿ 5, ಬಾಲಮೂಳೆಯಲ್ಲಿ 1. ಹೊರಗಿನ ಈ ನರಗಳಿಗೆಲ್ಲ ಒಟ್ಟಾಗಿ ಪರಿಧಿ ನರಮಂಡಲ ಎನ್ನುತ್ತಾರೆ. ಕೈಮೇಲೆ ನೀಲಿಯಾಗಿ ಉಬ್ಬಿ ಕಾಣುವುದು ನರವಲ್ಲ, ರಕ್ತನಾಳ. ನಿಜವಾದ ನರ ಬಿಳಿ ದಾರದಂತೆ ಚರ್ಮದ ಒಳಗೆ ಹುದುಗಿರುತ್ತದೆ, ಹೊರಗೆ ಕಾಣುವುದಿಲ್ಲ.

ಈಗ ತಂದೆಯವರ ಕಾಲ್ಬೆರಳಿಗೆ ಬರೋಣ. ಹೆಬ್ಬೆರಳಿನ ಚರ್ಮಕ್ಕೆ ಏನೋ ತಗುಲಿತು ಎಂಬ ಸುದ್ದಿಯನ್ನು ಹೊರುವ ನರಕೋಶ ಎಲ್ಲಿದೆ ಗೊತ್ತೇ? ಅದರ ಒಡಲು ಇರುವುದು ಬೆರಳಲ್ಲಲ್ಲ, ಸೊಂಟದ ಕೆಳಗಿನ ಬೆನ್ನುಮೂಳೆಯ ಪಕ್ಕದ ಒಂದು ಸಣ್ಣ ಗಂಟಿನಲ್ಲಿ. ಆ ಒಡಲಿನ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಮೀರುವುದಿಲ್ಲ. ಅದರಿಂದ ಹೊರಟ ತಂತು ಒಂದು ಕಡೆ ಕಾಲ್ಬೆರಳಿನವರೆಗೆ ಇಳಿಯುತ್ತದೆ, ಇನ್ನೊಂದು ಕಡೆ ಬೆನ್ನುಹುರಿಯಲ್ಲಿ ಏರಿ ಮೆದುಳಿನ ಬುಡ ಮುಟ್ಟುತ್ತದೆ. ಎಂದರೆ ಬೆರಳತುದಿಯಿಂದ ತಲೆಬುರುಡೆಯ ಅಡಿಯವರೆಗೆ ಒಂದೇ ಒಂದು ಜೀವಕೋಶ, ಸುಮಾರು ಒಂದೂವರೆ ಮೀಟರ್ ಉದ್ದ. ದೇಹದಲ್ಲಿ ಇಷ್ಟು ಉದ್ದದ ಜೀವಕೋಶ ಬೇರೊಂದಿಲ್ಲ.

ತೊಂದರೆ ಪಾದದಲ್ಲೇ ಏಕೆ ಮೊದಲಾಗುತ್ತದೆ ಎಂಬುದಕ್ಕೆ ಉತ್ತರ ಈ ಉದ್ದದಲ್ಲಿದೆ. ತಂತುವಿಗೆ ಬೇಕಾದ ಪ್ರೋಟೀನು, ದುರಸ್ತಿಯ ಸಾಮಗ್ರಿ ಬಹುಪಾಲು ತಯಾರಾಗುವುದು ಒಡಲಿನಲ್ಲಿ. ಅಲ್ಲಿಂದ ತಂತುವಿನ ಒಳಗೇ ಸಾಗಿ ತುದಿ ಸೇರಬೇಕು. ವೇಗದ ಸಾಗಣೆ ದಿನಕ್ಕೆ ಸುಮಾರು 400 ಮಿಲಿಮೀಟರ್. ನಿಧಾನದ ಸಾಗಣೆ ದಿನಕ್ಕೆ ಕೆಲವೇ ಮಿಲಿಮೀಟರ್, ಅದಕ್ಕೆ ಪಾದ ಮುಟ್ಟಲು ತಿಂಗಳುಗಳೇ ಬೇಕು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಕೋಶದ ಶಕ್ತಿ ಉತ್ಪಾದನೆ ಕುಂದುತ್ತದೆ, ನರಕ್ಕೇ ರಕ್ತ ಕೊಡುವ ಅತಿ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ನಾಲೆಯಲ್ಲಿ ನೀರು ಕಡಿಮೆ ಬಿಟ್ಟ ವರ್ಷ ಮೊದಲು ಒಣಗುವುದು ಕೊನೆ ಭಾಗದ ರೈತರ ಗದ್ದೆ ತಾನೇ, ಇಲ್ಲೂ ಹಾಗೆಯೇ. ಅತಿ ಉದ್ದದ ತಂತುವಿನ ತುದಿ ಮೊದಲು ಬಾಡುತ್ತದೆ: ಎರಡೂ ಪಾದದ ಬೆರಳುಗಳು, ಆಮೇಲೆ ಅಂಗಾಲು, ಹಿಮ್ಮಡಿ, ಕಣಕಾಲು. ಮರಗಟ್ಟುವುದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಜುಮುಜುಮು ಶುರುವಾಗುತ್ತದೆ. ಕಾಲುಚೀಲ, ಕೈಗವಸು ಹಾಕಿಕೊಂಡಷ್ಟೇ ಜಾಗ ಕೆಡುವ ಈ ಚಿತ್ರ ಕಂಡರೆ ವೈದ್ಯರು ಮೊದಲು ನೆನೆಯುವುದು ಸಕ್ಕರೆ ಕಾಯಿಲೆಯನ್ನು, ಬಿ12 ಕೊರತೆಯನ್ನು, ಮದ್ಯವನ್ನು, ಮೂತ್ರಪಿಂಡದ ಕಾಯಿಲೆಯನ್ನು, ಕೆಲವು ಔಷಧಿಗಳನ್ನು.

ಉರಿ ಮತ್ತು ಚಪ್ಪಲಿ, ಈ ಎರಡು ಲಕ್ಷಣ ಎರಡು ಬೇರೆ ಬಗೆಯ ತಂತುಗಳವು. ನರವೆಂದರೆ ಒಂದೇ ತಂತುವಲ್ಲ, ಸಾವಿರಾರು ತಂತುಗಳ ಕಟ್ಟು. ಅದರಲ್ಲಿ ದಪ್ಪ ತಂತುಗಳಿವೆ, ಸಣ್ಣವಿವೆ. ದಪ್ಪನೆಯವಕ್ಕೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ತುಂಡುತುಂಡಾಗಿ ಸುತ್ತಿಕೊಂಡಿರುತ್ತದೆ. ವಿದ್ಯುತ್ ಸಂಕೇತ ತುಂಡುಗಳ ನಡುವಿನ ತೆರವಿನಿಂದ ತೆರವಿಗೆ ಜಿಗಿಯುತ್ತ ಓಡುತ್ತದೆ. ಆರೋಗ್ಯವಂತರ ಕೈ ನರಗಳಲ್ಲಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು, ಕಾಲಿನಲ್ಲಿ 40ಕ್ಕೂ ಹೆಚ್ಚು. ಸ್ಪರ್ಶ, ಕಂಪನ, ಕೀಲು ಯಾವ ಭಂಗಿಯಲ್ಲಿದೆ ಎಂಬ ಅರಿವು ಇವುಗಳ ಕೆಲಸ. ಹೊದಿಕೆಯಿಲ್ಲದ ಸಣ್ಣ ತಂತುಗಳ ವೇಗ ಸೆಕೆಂಡಿಗೆ ಬರೀ ಒಂದೆರಡು ಮೀಟರ್. ನೋವು, ಬಿಸಿ, ತಣ್ಣಗೆ ಎಂಬ ಸುದ್ದಿ ತರುವುದು ಇವು. ಕಾಲಿಗೆ ಕಲ್ಲು ತಾಗಿದಾಗ ಮೊದಲು ತಟ್ಟನೆ ಚುರುಕ್ ಎಂದು, ಅರೆ ಗಳಿಗೆ ಬಿಟ್ಟು ಹರಡುವಂಥ ನೋವು ಬರುತ್ತದಲ್ಲ, ಮೊದಲಿನದು ತೆಳು ಹೊದಿಕೆಯ ತಂತುವಿನದು, ಎರಡನೆಯದು ಹೊದಿಕೆಯಿಲ್ಲದ್ದರದು. (ನರದ ವೇಗವನ್ನು ಮೊದಲು ಅಳೆದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ, ಕಪ್ಪೆಯ ಕಾಲಿನಲ್ಲಿ. ಅದುವರೆಗೆ ಅದು ಅಳೆಯಲಾಗದಷ್ಟು ವೇಗವೆಂದೇ ದೊಡ್ಡ ವಿಜ್ಞಾನಿಗಳೂ ನಂಬಿದ್ದರು.)

ತಂದೆಯವರ ಪಾದದ ಉರಿ ಸಣ್ಣ ತಂತುಗಳದು. ಸಾಯುತ್ತಿರುವ ತಂತು ಸುಮ್ಮನಿರುವುದಿಲ್ಲ. ಹೊರಗೆ ಬೆಂಕಿಯಿಲ್ಲದಿದ್ದರೂ ತಾನಾಗಿಯೇ ಸಂಕೇತ ಕಳಿಸುತ್ತದೆ, ಮೆದುಳು ಅದನ್ನು ಉರಿ ಎಂದೇ ಓದಿಕೊಳ್ಳುತ್ತದೆ. ಚಪ್ಪಲಿ ಕಳಚಿದ್ದು ತಿಳಿಯದಿರುವುದು ದಪ್ಪ ತಂತುಗಳೂ ಸೋತಿವೆ ಎಂಬುದರ ಗುರುತು. ಹೀಗಿದ್ದವರು ನೆಲವನ್ನು ಕಣ್ಣಿನಿಂದ ನೋಡಿಕೊಂಡು ನಡೆಯುತ್ತಾರೆ. ಕತ್ತಲಲ್ಲಿ, ಇಲ್ಲವೇ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಓಲಾಡುತ್ತಾರೆ. ತಂದೆಯವರಿಗೆ ಹಾಗಾಗುತ್ತದೆಯೇ ಕೇಳಿ. ಆಗುತ್ತದೆಂದರೆ ಬಚ್ಚಲಿನಲ್ಲಿ ಹಿಡಿಯಲು ಕಂಬಿ, ರಾತ್ರಿ ಹಜಾರದಲ್ಲಿ ಒಂದು ಸಣ್ಣ ದೀಪ ಇವತ್ತೇ ಆಗಬೇಕು. ನನ್ನ ಆತಂಕ ಉರಿಗಿಂತ ಈ ಚಪ್ಪಲಿಯ ಲಕ್ಷಣದ ಬಗ್ಗೆಯೇ ಹೆಚ್ಚು. ಉರಿ ಇದ್ದರೆ ರೋಗಿ ಆಸ್ಪತ್ರೆಗೆ ಹೋಗುತ್ತಾರೆ. ಅರಿವು ಹೋದ ಪಾದದಲ್ಲಿ ಗಾಯವಾಗಿ ಕೀವು ತುಂಬಿದರೂ ವಾಸನೆ ಬರುವವರೆಗೆ ಗೊತ್ತಾಗುವುದಿಲ್ಲ.

ಸಂಕೇತ ಬೆನ್ನುಹುರಿ ಸೇರಿದ ಮೇಲೆ ದಾರಿ ಎರಡಾಗುತ್ತದೆ. ಕಂಪನ ಮತ್ತು ಭಂಗಿಯ ಸುದ್ದಿ ಹುರಿಯ ಹಿಂಭಾಗದಲ್ಲಿ ಅದೇ ಪಕ್ಕದಲ್ಲಿ ಏರಿ, ಮೆದುಳಿನ ಬುಡದಲ್ಲಿ ಎದುರು ಪಕ್ಕಕ್ಕೆ ದಾಟುತ್ತದೆ. ನೋವು ಮತ್ತು ಬಿಸಿಯ ಸುದ್ದಿ ಹುರಿಯೊಳಗೆ ಬಂದ ಮಟ್ಟದಲ್ಲೇ ಎದುರು ಪಕ್ಕಕ್ಕೆ ದಾಟಿ ಏರುತ್ತದೆ. ಹೀಗಾಗಿ ಬೆನ್ನುಹುರಿಯ ಬಲ ಅರ್ಧ ಮಾತ್ರ ತುಂಡಾದರೆ ಬಲಗಾಲಿನ ಶಕ್ತಿ ಮತ್ತು ಭಂಗಿಯ ಅರಿವು ಹೋಗುತ್ತದೆ, ನೋವಿನ ಅರಿವು ಹೋಗುವುದು ಎಡಗಾಲಿನಲ್ಲಿ. ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸಿದರೂ ಪೆಟ್ಟು ಬಿದ್ದ ಮಟ್ಟವನ್ನು ಗುರುತಿಸಲು ಇದರಷ್ಟು ನಂಬಬಹುದಾದ ಸುಳಿವು ಕಡಿಮೆ.

ಹಿಂಭಾಗದ ಆ ದಾರಿ ನಿಮ್ಮ ತಂದೆಯವರ ಮಟ್ಟಿಗೆ ಮುಖ್ಯ, ಏಕೆಂದರೆ ಬಿ12 ಕಡಿಮೆಯಾದಾಗ ಕೆಡುವುದು ಅದೇ. ಮಯಲಿನ್ ಹೊದಿಕೆ ಗಟ್ಟಿಯಾಗಿ ಉಳಿಯಲು ಬಿ12 ಬೇಕು. ದಿನಕ್ಕೆ ಬೇಕಾದದ್ದು ಎರಡು, ಎರಡೂವರೆ ಮೈಕ್ರೋಗ್ರಾಂ ಅಷ್ಟೇ, ಆದರೆ ಅದು ಸೊಪ್ಪು, ಕಾಳು, ರಾಗಿ, ಅಕ್ಕಿ ಯಾವುದರಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಮೂಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದು ತಗ್ಗುತ್ತದೆ. ಸಸ್ಯಾಹಾರ, ಹನ್ನೆರಡು ವರ್ಷದ ಮೆಟ್‌ಫಾರ್ಮಿನ್ ಎರಡೂ ಕೂಡಿರುವಾಗ ಬಿ12 ಕೊರತೆಯನ್ನು ತಳ್ಳಿಹಾಕದೆ ‘ಸಕ್ಕರೆಯಿಂದಲೇ ಆದದ್ದು’ ಎಂದು ತೀರ್ಮಾನಿಸುವುದು ತಪ್ಪು. ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರಿಂದ ಸಕ್ಕರೆ ಏರಿ ನರಕ್ಕೆ ಇನ್ನಷ್ಟು ಹಾನಿ.

ಇಲ್ಲಿ ಅಂಗಡಿಯ ಮಾತ್ರೆಯ ವಿಷಯ. ರಕ್ತ ಪರೀಕ್ಷೆಗೆ ಮೊದಲೇ ಬಿ ಕಾಂಪ್ಲೆಕ್ಸ್ ಶುರುಮಾಡಿದರೆ ರಕ್ತದಲ್ಲಿ ಬಿ12 ಅಂಕಿ ಏರಿ ಕಾಣುತ್ತದೆ, ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300ರ ನಡುವೆ ಅನುಮಾನದ ವಲಯ. ಎರಡು ತಿಂಗಳಿಂದ ಮಾತ್ರೆ ತೆಗೆದುಕೊಂಡದ್ದನ್ನು ವೈದ್ಯರಿಗೆ ಮರೆಯದೆ ಹೇಳಿ, ಸಾಧ್ಯವಾದರೆ ಮಾತ್ರೆಯ ಹಾಳೆಯನ್ನೇ ತೋರಿಸಿ. ಬೇಕಾದರೆ, ಬಿ12 ಸಾಲದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ಬರೆಯುತ್ತಾರೆ. ಮಾತ್ರೆಯಲ್ಲಿ ಫೋಲಿಕ್ ಆಮ್ಲ ಮಾತ್ರ ಇದ್ದು ಬಿ12 ಸಾಲದಿದ್ದರೆ ರಕ್ತಹೀನತೆ ಸರಿಹೋದಂತೆ ಕಂಡು ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಇನ್ನೊಂದು ಅಪಾಯ ಬಿ6, ಹಾಳೆಯ ಮೇಲೆ ‘ಪಿರಿಡಾಕ್ಸಿನ್’ ಎಂದಿರುತ್ತದೆ. ಅದನ್ನು ದಿನಕ್ಕೆ ನೂರಾರು ಮಿಲಿಗ್ರಾಂನಂತೆ ತಿಂಗಳುಗಟ್ಟಲೆ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ, ಪಾದ ಮರಗಟ್ಟುತ್ತದೆ. ಮರಗಟ್ಟುವಿಕೆಗೆಂದು ತೆಗೆದುಕೊಂಡ ಮಾತ್ರೆಯೇ ಮರಗಟ್ಟುವಿಕೆ ತರುವುದು ಇಂಥ ಕಡೆ. ‘ವಿಟಮಿನ್ ತಾನೇ, ಹೆಚ್ಚಾದರೆ ಏನು’ ಎನ್ನುವ ಮಾತು ಬಿ6ಗೆ ಸಲ್ಲದು.

ಬೆನ್ನುಹುರಿಗೆ ಇನ್ನೊಂದು ಕೆಲಸವಿದೆ: ಮೆದುಳನ್ನು ಕೇಳದೆ ತಾನೇ ಉತ್ತರ ಕೊಡುವುದು. ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುತ್ತದೆ. ಸ್ನಾಯು ಎಳೆಯಲ್ಪಟ್ಟ ಸುದ್ದಿ ಸೊಂಟದ 3-4ನೇ ನರಗಳ ಮೂಲಕ ಹುರಿಗೆ ಹೋಗಿ, ಅಲ್ಲೇ ತಿರುಗಿ, ಅದೇ ಸ್ನಾಯುವಿಗೆ ಆಜ್ಞೆಯಾಗಿ ಬರುತ್ತದೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ತಟ್ಟಿದರೆ ತ್ರಿಕಾಸ್ಥಿಯ ಮೊದಲ ನರದ ಪರೀಕ್ಷೆ. ಪರಿಧಿ ನರ ಕೆಟ್ಟರೆ ಈ ಪ್ರತಿಕ್ರಿಯೆ ಕಡಿಮೆಯಾಗುತ್ತದೆ, ಮೊದಲು ಹಿಮ್ಮಡಿಯಲ್ಲಿ. ಮೆದುಳು ಅಥವಾ ಬೆನ್ನುಹುರಿ ಕೆಟ್ಟರೆ ಮೇಲಿನ ಕಡಿವಾಣ ತಪ್ಪಿ ಪ್ರತಿಕ್ರಿಯೆ ಅತಿಯಾಗುತ್ತದೆ, ಕಾಲು ಬಿಗಿಯುತ್ತದೆ, ಅಂಗಾಲನ್ನು ಗೀರಿದರೆ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲಕ್ಕೇಳುತ್ತದೆ. ಬಿ12 ಕೊರತೆ ಮುಂದುವರಿದಾಗ ಹುರಿ ಮತ್ತು ಹೊರನರ ಎರಡೂ ಕೆಟ್ಟು, ಹಿಮ್ಮಡಿಯಲ್ಲಿ ಪ್ರತಿಕ್ರಿಯೆ ಇಲ್ಲದೆ ಮಂಡಿಯಲ್ಲಿ ಅತಿಯಾಗಿ ಇರಬಹುದು. ಎರಡು ನಿಮಿಷದ ಸುತ್ತಿಗೆಯ ಪರೀಕ್ಷೆ ಹೇಳುವಷ್ಟನ್ನು ಎಷ್ಟೋ ಸಲ ದುಬಾರಿ ಸ್ಕ್ಯಾನ್ ಹೇಳುವುದಿಲ್ಲ. ನರದ ದೂರಿಗೆ ಹೋದಾಗ ವೈದ್ಯರು ಸುತ್ತಿಗೆಯನ್ನೇ ಮುಟ್ಟದಿದ್ದರೆ ‘ರಿಫ್ಲೆಕ್ಸ್ ನೋಡುತ್ತೀರಾ ಡಾಕ್ಟರ್?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಬೆನ್ನುಹುರಿ ಸೊಂಟದ ಮೊದಲ, ಎರಡನೆಯ ಮೂಳೆಗಳ ನಡುವೆ ಮುಗಿಯುತ್ತದೆ. ಅದರ ಕೆಳಗೆ ಕುದುರೆಯ ಬಾಲದ ಕೂದಲಿನಂತೆ ಇಳಿಬಿದ್ದ ನರದ ಬೇರುಗಳು ಮಾತ್ರ. ಬೆನ್ನಿನಿಂದ ನೀರು ತೆಗೆಯುವಾಗ ಸೂಜಿಯನ್ನು 3-4ನೇ ಅಥವಾ 4-5ನೇ ಮೂಳೆಗಳ ನಡುವೆ ಹಾಕುವುದು ಇದಕ್ಕಾಗಿಯೇ. ಅಲ್ಲಿ ಹುರಿ ಇಲ್ಲ, ‘ಸೂಜಿ ಚುಚ್ಚಿದರೆ ಕಾಲು ಹೋಗುತ್ತದೆ’ ಎಂಬ ಭಯ ಬೇಡ. ಸೊಂಟದ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಜಾರಿದರೂ ಒತ್ತುವುದು ಬೇರನ್ನೇ. 4-5ನೇ ಮೂಳೆಗಳ ನಡುವಿನ ಡಿಸ್ಕ್ ಸಾಮಾನ್ಯವಾಗಿ ಐದನೇ ಬೇರನ್ನು ಒತ್ತುತ್ತದೆ. ನೋವು ಒಂದೇ ಕಾಲಿನಲ್ಲಿ ಸೆಲೆಯುತ್ತ ಇಳಿಯುತ್ತದೆ, ಹೆಬ್ಬೆರಳನ್ನು ಮೇಲೆತ್ತುವ ಬಲ ಕುಂದುತ್ತದೆ. ತಂದೆಯವರಿಗೆ ಎರಡೂ ಪಾದದಲ್ಲಿ ಒಂದೇ ಸಮ ಇರುವುದರಿಂದ ಇದು ಡಿಸ್ಕಿನ ಚಿತ್ರವಲ್ಲ. ಕುತ್ತಿಗೆಯಲ್ಲಿ ಹುರಿಯೇ ಒತ್ತಿದರೆ ಬೇರೆ ಬಗೆ: ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ನಡಿಗೆ ಬಿಗಿಯಾಗುತ್ತದೆ, ಮೂತ್ರಕ್ಕೆ ಅವಸರ. ಪಾವಗಡ, ಕೋಲಾರದಂಥ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ ದಪ್ಪವಾಗಿ ಹುರಿಯನ್ನು ಅಮುಕುವುದುಂಟು. ನಿಮ್ಮದು ಅಂಥ ಊರಾದರೆ ವೈದ್ಯರಿಗೆ ತಿಳಿಸಿ.

ಮೆದುಳಿಗೆ ಬರುತ್ತೇನೆ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು, ಆದರೆ ವಿಶ್ರಾಂತಿಯಲ್ಲಿ ಬಳಸುವ ಆಮ್ಲಜನಕ ನೂರಕ್ಕೆ ಇಪ್ಪತ್ತು. ನರಕೋಶಗಳು ಸುಮಾರು 8,600 ಕೋಟಿ. ಅದರಲ್ಲಿ ಬಹುಪಾಲು, ಸುಮಾರು 6,900 ಕೋಟಿ, ತಲೆಯ ಹಿಂದೆ ಕೆಳಗಿರುವ ಕಿರುಮೆದುಳಿನಲ್ಲೇ ಇವೆ. ಚಲನೆಯನ್ನು ಹದಗೊಳಿಸುವುದು ಅದರ ಕೆಲಸ, ಕುಡಿದವರ ತೂರಾಟ ಅದು ಮಂಕಾದುದರ ಫಲ. ಮೆದುಳಿನ ಬುಡದ ಕಾಂಡದಲ್ಲಿ ಉಸಿರಾಟ, ಹೃದಯದ ಬಡಿತ, ನುಂಗುವುದು, ಎಚ್ಚರ. ನಡುವೆ ಥಲಾಮಸ್, ವಾಸನೆಯೊಂದನ್ನು ಬಿಟ್ಟು ಮಿಕ್ಕ ಇಂದ್ರಿಯಗಳ ಸುದ್ದಿಯೆಲ್ಲ ಅಲ್ಲಿಗೆ ಬಂದು ಹಂಚಿಕೆಯಾಗುತ್ತದೆ. ಮೇಲೆ ಎರಡು ಅರೆಗೋಳಗಳ ದೊಡ್ಡ ಮೆದುಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿಜವಾದ ಮೆದುಳುಗಳ ಸಂಗ್ರಹಾಲಯವಿದೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಚಿತ್ರದಲ್ಲಿ ನೋಡುವುದಕ್ಕೂ ಅದಕ್ಕೂ ಬಹಳ ಅಂತರ.

ದೊಡ್ಡಪ್ಪನವರಿಗೆ ಬಲಭಾಗ ಬಿದ್ದು ಮಾತೂ ಹೋದದ್ದೇಕೆ? ಚಲನೆಯ ಆಜ್ಞೆ ಮೆದುಳಿನ ಮೇಲ್ಪದರದಿಂದ ಹೊರಟು ಕಾಂಡದ ಕೆಳತುದಿಯಲ್ಲಿ ನೂರಕ್ಕೆ 85-90 ಪಾಲು ಎದುರು ಪಕ್ಕಕ್ಕೆ ದಾಟುತ್ತದೆ. ಆದ್ದರಿಂದ ಎಡ ಮೆದುಳಿನ ಪೆಟ್ಟು ಬಲಗೈ ಬಲಗಾಲಿನಲ್ಲಿ ಕಾಣುತ್ತದೆ. ಬಲಗೈ ಬಳಸುವವರಲ್ಲಿ ಬಹುತೇಕ ಎಲ್ಲರಿಗೂ ಭಾಷೆಯ ನೆಲೆ ಎಡಭಾಗದಲ್ಲೇ. ಮಾತು ಹೋದವರಿಗೆ ಬುದ್ಧಿ ಹೋಗಿರುವುದಿಲ್ಲ, ಎಷ್ಟೋ ಜನರಿಗೆ ಎದುರಿನವರು ಹೇಳಿದ್ದು ಅರ್ಥವಾಗುತ್ತಿರುತ್ತದೆ. ಅವರ ಮುಂದೆಯೇ ಅವರ ಬಗ್ಗೆ ಏನೇನೋ ಆಡದಿರಿ, ಹೌದು ಇಲ್ಲ ಎಂದು ತಲೆಯಾಡಿಸಿ ಉತ್ತರಿಸುವಂತೆ ಕೇಳಿ. ಮುಖ ಮತ್ತು ಕೈಯನ್ನು ಆಳುವ ಜಾಗ ಮೆದುಳಿನ ಹೊರಮೈಯಲ್ಲಿದೆ, ಕಾಲಿನದು ಎರಡು ಅರೆಗೋಳಗಳ ನಡುವಿನ ಒಳಮೈಯಲ್ಲಿದೆ, ಎರಡಕ್ಕೂ ರಕ್ತ ಕೊಡುವ ನಾಳಗಳು ಬೇರೆ. ಲಕ್ವವಾದ ಹಲವರು ನಡೆಯುವಂತಾದರೂ ಕೈ ಹಿಂದೆಬೀಳುವುದಕ್ಕೆ ಇದೊಂದು ಕಾರಣ.

ಮೇಲಿನಿಂದ ಬಂದ ಆಜ್ಞೆ ಬೆನ್ನುಹುರಿಯ ಮುಂಭಾಗದ ಕೋಶಕ್ಕೆ, ಅಲ್ಲಿಂದ ನರದ ಮೂಲಕ ಸ್ನಾಯುವಿಗೆ. ನರ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಸೂಕ್ಷ್ಮ ಅಂತರವಿದೆ, ಅದನ್ನು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದಾಟಿ ಸುದ್ದಿ ಮುಟ್ಟಿಸುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆಯಬೇಕು. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬಾಯಲ್ಲಿ ಜೊಲ್ಲು, ಬೆವರು, ಸೂಜಿಮೊನೆಯಷ್ಟು ಕಣ್ಣಪಾಪೆ, ಸ್ನಾಯು ಅದುರುವುದು, ಕೊನೆಗೆ ಉಸಿರು ನಿಲ್ಲುವುದು ಎಲ್ಲ ಇದರಿಂದಲೇ. ನಾಗರಹಾವಿನ ವಿಷ ಇದೇ ಜಾಗದಲ್ಲಿ ಸುದ್ದಿಯನ್ನು ತಡೆಯುತ್ತದೆ, ಕಣ್ಣುರೆಪ್ಪೆ ಜೋತುಬೀಳುವುದು ಮೊದಲ ಗುರುತು. ಎರಡರಲ್ಲೂ ತಡಮಾಡದೆ ಉಸಿರಾಟದ ಯಂತ್ರವಿರುವ ಆಸ್ಪತ್ರೆ ಸೇರಿದವರು ಉಳಿಯುವ ಸಾಧ್ಯತೆ ಹೆಚ್ಚು.

ನಾವು ಕೇಳದೆ ನಡೆಯುವ ಕೆಲಸಗಳಿಗೆ ಸ್ವಯಂಚಾಲಿತ ನರಗಳಿವೆ, ಸಕ್ಕರೆ ಇವನ್ನೂ ಬಿಡುವುದಿಲ್ಲ. ನಿಂತಾಗ ರಕ್ತ ಕಾಲಿಗೆ ಇಳಿಯದಂತೆ ನಾಳಗಳನ್ನು ಬಿಗಿಹಿಡಿಯುವುದು ಇವೇ. ತಂದೆಯವರ ಬಿಪಿಯನ್ನು ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದುನಿಂತ ಮೇಲೆ ಮೂರು ನಿಮಿಷದೊಳಗೆ ಒಮ್ಮೆ ಅಳೆಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಈ ನರಗಳು ಸೋತಿರಬಹುದು, ಬಿಪಿ ಮಾತ್ರೆಯೂ ಕಾರಣವಿರಬಹುದು. ಪಾದದ ಬೆವರು ನಿಂತು ಚರ್ಮ ಒಣಗಿ ಹಿಮ್ಮಡಿ ಸೀಳುವುದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಮೂತ್ರ ಪೂರ್ತಿ ಖಾಲಿಯಾಗದಿರುವುದು ಇದೇ ಗುಂಪಿನವು. ಎರಡು ಸಂಗತಿ ಮನೆಯವರಿಗೆಲ್ಲ ಗೊತ್ತಿರಲಿ. ಸಕ್ಕರೆ ತೀರ ಇಳಿದಾಗ ಬರುವ ನಡುಕ, ಬೆವರು ಇಂಥವರಲ್ಲಿ ಬಾರದೆಯೇ ಪ್ರಜ್ಞೆ ತಪ್ಪಬಹುದು. ಹೃದಯಾಘಾತವಾದರೂ ಎದೆನೋವಿಲ್ಲದೆ ಬರೀ ಏದುಸಿರು, ವಾಂತಿ, ಸುಸ್ತು ಇರಬಹುದು.

ಪರೀಕ್ಷೆಗೆ ಎಲ್ಲಿಗೆ? ಮೊದಲು ನಿಮ್ಮ ಸಕ್ಕರೆ ಕಾಯಿಲೆಯ ವೈದ್ಯರಲ್ಲಿಗೇ ಹೋಗಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುವುದು, 128 ಹರ್ಟ್ಸ್‌ನ ಶ್ರುತಿಕವೆಯನ್ನು ಹೆಬ್ಬೆರಳ ಮೂಳೆಯ ಮೇಲಿಟ್ಟು ಕಂಪನ ಕೇಳುವುದು, ರಿಫ್ಲೆಕ್ಸ್, ಕಾಲಿನ ನಾಡಿ, ಇಷ್ಟು ಅಲ್ಲೇ ಆಗುತ್ತದೆ. ರಕ್ತದಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಬಿ12, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ. ನರದ ವೇಗ ಅಳೆಯುವ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಅದು ದಪ್ಪ ತಂತುಗಳನ್ನು ಮಾತ್ರ ನೋಡುತ್ತದೆ, ಉರಿಯೊಂದೇ ಇರುವವರಲ್ಲಿ ವರದಿ ‘ನಾರ್ಮಲ್’ ಬರುವುದು ಸಹಜ, ಅದರಿಂದ ಉರಿ ಸುಳ್ಳಾಗುವುದಿಲ್ಲ. ಒಂದೇ ಕಾಲಿಗೆ ಹೆಚ್ಚು, ಕೆಲವೇ ವಾರಗಳಲ್ಲಿ ಏರಿದ್ದು, ಮರಗಟ್ಟುವುದಕ್ಕಿಂತ ಬಲ ಕುಗ್ಗಿದ್ದೇ ಹೆಚ್ಚು, ಕೈಯಲ್ಲೇ ಮೊದಲು ಶುರುವಾದದ್ದು: ಇಂಥ ಚಿತ್ರವಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಕುಷ್ಠ ಇರಬಹುದು. ಅದು ಮೊಣಕೈ ಹಿಂದಿನ, ಮೊಣಕಾಲ ಹೊರಬದಿಯ ನರಗಳನ್ನು ದಪ್ಪಗಾಗಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆರು ಅಥವಾ ಹನ್ನೆರಡು ತಿಂಗಳ ಮಾತ್ರೆ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಚಿಕಿತ್ಸೆಯಲ್ಲಿ ಏನನ್ನು ನಿರೀಕ್ಷಿಸಬೇಕು ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದು. ಬಿ12 ಕಡಿಮೆಯಿದ್ದರೆ 1000 ಮೈಕ್ರೋಗ್ರಾಂ ಚುಚ್ಚುಮದ್ದನ್ನು ಮೊದಮೊದಲು ಪದೇಪದೇ, ಆಮೇಲೆ ತಿಂಗಳಿಗೊಮ್ಮೆ ಕೊಡುವುದು ರೂಢಿ. ಬೇಗ ಹಿಡಿದರೆ ಚೆನ್ನಾಗಿ ಚೇತರಿಕೆಯಾಗುತ್ತದೆ. ಸಕ್ಕರೆಯಿಂದ ಸತ್ತ ತಂತು ಬಹುಮಟ್ಟಿಗೆ ಮರಳುವುದಿಲ್ಲ, ಉಳಿದವನ್ನು ಕಾಪಾಡುವುದೇ ಗುರಿ. ಎಚ್‌ಬಿಎ1ಸಿಯನ್ನು ಹಂತಹಂತವಾಗಿ ಇಳಿಸಬೇಕು. ಮೂರು ತಿಂಗಳಲ್ಲಿ 2 ಅಂಶಕ್ಕಿಂತ ಹೆಚ್ಚು ಕುಸಿದರೆ ಕೆಲವರಲ್ಲಿ ಉರಿ ಇನ್ನೂ ಏರುತ್ತದೆ. ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮೊದಲಾದವು ಉರಿಯನ್ನು ತಗ್ಗಿಸುತ್ತವೆ, ನರವನ್ನು ವಾಸಿಮಾಡುವುದಿಲ್ಲ. ಪೂರ್ತಿ ಮಾಯವಾಗುವುದು ಅಪರೂಪ, ಅರ್ಧಕ್ಕಿಳಿದು ನಿದ್ದೆ ಬಂದರೆ ಮದ್ದು ಕೆಲಸ ಮಾಡಿದಂತೆ. ಮೊದಲ ವಾರ ತೂಕಡಿಕೆ, ತಲೆಸುತ್ತು ಇರುತ್ತದೆ, ಬೀಳದಂತೆ ನೋಡಿಕೊಳ್ಳಿ. ಅಮಿಟ್ರಿಪ್ಟಿಲಿನ್ ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟಿಸಬಹುದು.

ಪಾದವನ್ನು ದಿನಾ ರಾತ್ರಿ ನೀವೇ ನೋಡಿ, ಅಂಗಾಲಿಗೆ ಕನ್ನಡಿ ಹಿಡಿದು, ಬೆರಳ ಸಂದಿಯನ್ನೂ ಬಿಡದೆ. ತೊಳೆದ ಮೇಲೆ ಸಂದಿ ಒರೆಸಿ ಒಣಗಿಸಿ, ಎಣ್ಣೆ ಹಿಮ್ಮಡಿಗೆ ಮಾತ್ರ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು, ಪಾದದಿಂದಲ್ಲ. ಬಿಸಿನೀರಿನ ಚೀಲ ಬೇಡ, ಚಳಿಗೆ ಬೆಂಕಿಯ ಮುಂದೆ ಕಾಲು ಚಾಚುವುದೂ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಮಾಡಿ ಎರಡೂ ಅಂಗಾಲು ಬೊಬ್ಬೆ ಎದ್ದರೂ ತಿಳಿಯದೆ ಮನೆಗೆ ಬರುವವರಿದ್ದಾರೆ. ಬೆಳಿಗ್ಗೆ ಬೇಗ ಹೋಗಲಿ, ದಪ್ಪ ಕಾಲುಚೀಲ ಹಾಕಲಿ. ಹಿಂದೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ, ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿಗೆ ಅಂಟಿಸುವ ಆಮ್ಲದ ಪಟ್ಟಿಯೂ ಬೇಡ. ಗುಳ್ಳೆ, ಬಿರುಕು, ಬಣ್ಣ ಬದಲಾದ ಜಾಗ ಕಂಡರೆ ನೋವಿಲ್ಲವೆಂದು ಕಾಯದೆ ಮರುದಿನವೇ ತೋರಿಸಿ.

ಕಾಯಬಾರದ ಮೂರು ಸಂದರ್ಭಗಳಿವೆ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ದಿಢೀರ್ ದೃಷ್ಟಿ ಅಥವಾ ಸಮತೋಲನ ಹೋಗುವುದು ಲಕ್ವದ ಗುರುತು. ಮೆದುಳಿನ ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕಹಾಕಿದ್ದಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಆಗಬೇಕು, ಅದೂ ಸ್ಕ್ಯಾನ್ ಮಾಡಿ ರಕ್ತಸ್ರಾವವಲ್ಲ ಎಂದು ತಿಳಿದ ಮೇಲೆ. 108ಕ್ಕೆ ಕರೆ ಮಾಡಿ, ಕೊನೆಯ ಸಲ ಚೆನ್ನಾಗಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಬಾಯಿಗೆ ನೀರು, ಆಸ್ಪಿರಿನ್ ಏನನ್ನೂ ಹಾಕಬೇಡಿ. ಎರಡನೆಯದು, ಜುಮುಜುಮು ಪಾದದಿಂದ ಮೇಲಕ್ಕೆ ದಿನದಿನಕ್ಕೆ ಏರುತ್ತ ಕಾಲಿನ ಬಲವೂ ಹೋಗುವುದು. ಭೇದಿ ಅಥವಾ ಜ್ವರವಾದ ಒಂದೆರಡು ವಾರಕ್ಕೆ ಬರುವ ಗಿಯಾನ್-ಬಾರೆ ಕಾಯಿಲೆ ಹೀಗಿರುತ್ತದೆ, ಉಸಿರಾಟದ ಸ್ನಾಯುಗಳನ್ನೂ ಮುಟ್ಟಬಹುದು. ಮೂರನೆಯದು, ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡು, ಕೂತಾಗ ಆಸನಕ್ಕೆ ತಾಗುವ ಜಾಗ ಮರಗಟ್ಟುವುದು. ಆಗ ಸೊಂಟದ ಕೆಳಗಿನ ಬೇರುಗಳೆಲ್ಲ ಒಟ್ಟಿಗೆ ಒತ್ತಿಕೊಂಡಿರಬಹುದು. ಅದೇ ದಿನ ಎಂಆರ್‌ಐ ಆಗಬೇಕು, ಶಸ್ತ್ರಚಿಕಿತ್ಸೆ ತಡವಾದರೆ ಮೂತ್ರದ ಹಿಡಿತ ಮರಳದೇ ಹೋಗಬಹುದು.